ಡಿಕ್ಕಿ ಬಾಗಿಲು ತಲೆ ಮೇಲೆ ಬೀಳುವ ಮುಂಚೆ

ಹಳೆ ಕಾರು ಇಟ್ಟುಕೊಂಡವರ ಪ್ರಶ್ನೆಗಳಿಗೆ ಉತ್ತರ ಬರೆಯುವ ಈ ಅಂಕಣಕ್ಕೆ ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದಿದ್ದು ಒಂದೇ ವಿಷಯ: ಡಿಕ್ಕಿ ಬಾಗಿಲನ್ನು ಎತ್ತಿ ಹಿಡಿಯುವ ಎರಡು ಗ್ಯಾಸ್ ಸ್ಟ್ರಟ್‌ಗಳು. ಗ್ಯಾರೇಜಿನಲ್ಲಿ ಕೆಲವರು ಡಿಕ್ಕಿ ಶಾಕ್ ಅಂತಲೂ ಕರೆಯುತ್ತಾರೆ. ಬೇರೆ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಸಲ ಜಾಗವನ್ನೆಲ್ಲ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮದು 14 ವರ್ಷ ಹಳೆಯ ಹ್ಯಾಚ್‌ಬ್ಯಾಕ್. ಮಧ್ಯಾಹ್ನ ಡಿಕ್ಕಿ ಬಾಗಿಲು ಎತ್ತಿದರೆ ನಿಲ್ಲುತ್ತೆ. ಬೆಳಿಗ್ಗೆ ಚಳಿಯಲ್ಲಿ ಎತ್ತಿದರೆ ಮೆಲ್ಲಗೆ ಇಳಿದು ಬರುತ್ತೆ. ಹೋದ ವಾರ ಅಮ್ಮ ಒಳಗಿನಿಂದ ಚೀಲ ತೆಗೆಯುವಾಗ ಅವರ ಭುಜದ ಮೇಲೇ ಬಿತ್ತು. ಬೆಳಿಗ್ಗೆ ಮಾತ್ರ ಹೀಗೇಕೆ? ಮನೆಯಲ್ಲೇ ಸರಿ ಮಾಡಬಹುದಾ?

ಉತ್ತರ: ಮೊದಲು ಅಮ್ಮನ ಭುಜ ನೋಡಿಕೊಳ್ಳಿ. ಆಮೇಲೆ ಇವತ್ತೇ ಒಂದು ಮರದ ಕೋಲನ್ನು ಅಳತೆಗೆ ಕೊಯ್ದು ಡಿಕ್ಕಿಯಲ್ಲಿ ಇಡಿ. ಹೊಸ ಸ್ಟ್ರಟ್ ಬರುವವರೆಗೆ ಆ ಕೋಲು ಆನಿಸದೆ ಯಾರೂ ಬಾಗಿಲ ಕೆಳಗೆ ತಲೆ ಹಾಕಬಾರದು ಅಂತ ಮನೆಯವರಿಗೆಲ್ಲ ಹೇಳಿಬಿಡಿ. ಅಂಥ ಬಾಗಿಲು ಹತ್ತಿಪ್ಪತ್ತು ಕೆಜಿ ತೂಗುತ್ತೆ, ಅಂಚಿನಲ್ಲಿ ಲಾಕಿನ ಕಬ್ಬಿಣ ಇರುತ್ತೆ. ಭುಜಕ್ಕೆ ಬಿದ್ದಿದ್ದು ತಲೆಗೂ ಬೀಳಬಹುದಿತ್ತು. ಮಕ್ಕಳಿರುವ ಮನೆಯಾದರೆ ಇನ್ನೂ ಜಾಸ್ತಿ ಜೋಪಾನ ಬೇಕು.

ಬೆಳಿಗ್ಗೆ ಮಾತ್ರ ಏಕೆ ಅಂತ ಕೇಳಿದ್ದೀರಿ, ಒಳ್ಳೆಯ ಪ್ರಶ್ನೆ. ಸ್ಟ್ರಟ್ ಒಳಗೆ ಸುರುಳಿ ಸ್ಪ್ರಿಂಗ್ ಇದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸಾಮಾನ್ಯ ಸ್ಟ್ರಟ್‌ನಲ್ಲಿ ಅದಿಲ್ಲ. ಅದು ಎಲ್ಲ ಕಡೆ ಮುಚ್ಚಿದ ಉಕ್ಕಿನ ಸಿಲಿಂಡರ್. ಒಳಗೆ ಒತ್ತಿ ತುಂಬಿದ ನೈಟ್ರೋಜನ್, ಜೊತೆಗೆ ಸ್ವಲ್ಪ ಎಣ್ಣೆ. ಮಧ್ಯೆ ಒಂದು ಪಿಸ್ಟನ್, ಅದರಲ್ಲಿ ಸಣ್ಣ ತೂತು. ಪಿಸ್ಟನ್ನಿಗೆ ಸೇರಿಕೊಂಡು ಸಿಲಿಂಡರಿನಿಂದ ಹೊರಗೆ ಬರುವ ಹೊಳೆಯುವ ಸಲಾಕೆಯೇ ರಾಡು. ತೂತಿನ ಮೂಲಕ ಗ್ಯಾಸ್ ಪಿಸ್ಟನ್ನಿನ ಎರಡೂ ಕಡೆ ಓಡಾಡುತ್ತೆ, ಹಾಗಾಗಿ ಎರಡೂ ಕಡೆ ಒತ್ತಡ ಒಂದೇ. ಹಾಗಿದ್ದರೂ ರಾಡು ಹೊರಕ್ಕೇ ಏಕೆ ತಳ್ಳುತ್ತೆ? ಪಿಸ್ಟನ್ನಿನ ಒಂದು ಕಡೆ ರಾಡು ಜಾಗ ಹಿಡಿದಿದೆ. ಆ ಕಡೆ ಗ್ಯಾಸಿಗೆ ಒತ್ತಲು ಸಿಗುವ ಜಾಗ ಅಷ್ಟು ಕಡಿಮೆ. ಆ ವ್ಯತ್ಯಾಸವೇ ಬಾಗಿಲನ್ನು ಎತ್ತುವ ಬಲ. 8 ಮಿ.ಮೀ. ದಪ್ಪದ ರಾಡು, ಒಳಗೆ 100 ಬಾರ್ ಒತ್ತಡ ಅಂತ ಇಟ್ಟುಕೊಂಡರೆ ಬಲ ಸುಮಾರು 500 ನ್ಯೂಟನ್ ಬರುತ್ತೆ. ಅಂದರೆ 50 ಕೆಜಿ ತೂಕ ಹೊರುವಷ್ಟು.

ಗ್ಯಾಸು ತಣ್ಣಗಾದರೆ ಒತ್ತಡ ಇಳಿಯುತ್ತೆ. 20 ಡಿಗ್ರಿಯಲ್ಲಿ 500 ನ್ಯೂಟನ್ ಕೊಡುವ ಸ್ಟ್ರಟ್, 0 ಡಿಗ್ರಿಯಲ್ಲಿ ಸುಮಾರು 466 ಕೊಡುತ್ತೆ. 40 ಡಿಗ್ರಿ ಬಿಸಿಲಲ್ಲಿ 534ರ ಹತ್ತಿರ. ಹೊಸ ಸ್ಟ್ರಟ್‌ಗೆ ಈ ಏರಿಳಿತ ಲೆಕ್ಕಕ್ಕೇ ಬರಲ್ಲ, ಏಕೆಂದರೆ ಅದರಲ್ಲಿ ಬಲ ಮಿಗುತಾಯ ಇರುತ್ತೆ. ನಿಮ್ಮದರಲ್ಲಿ ಆ ಮಿಗುತಾಯ ಮುಗಿದುಹೋಗಿದೆ. ಬಿಸಿಲಿದ್ದಾಗ ಕಷ್ಟಪಟ್ಟು ಬಾಗಿಲು ಹೊರುತ್ತೆ, ಚಳಿಗೆ ಕೈಬಿಡುತ್ತೆ. ಇನ್ನು ಸ್ವಲ್ಪ ದಿನಕ್ಕೆ ಮಧ್ಯಾಹ್ನವೂ ನಿಲ್ಲಲ್ಲ.

ಗ್ಯಾಸು ಹೋಗುವುದು ರಾಡಿನ ಸುತ್ತ ಇರುವ ರಬ್ಬರ್ ಸೀಲಿನಿಂದ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಸೀಲು ಸವೆಯುತ್ತೆ. ರಾಡಿನ ಮೇಲೆ ಗೀರು ಬಿದ್ದರೆ, ತುಕ್ಕಿನ ಚುಕ್ಕೆ ಎದ್ದರೆ ಇನ್ನೂ ಬೇಗ. ಒಂದು ಬಿಳಿ ಬಟ್ಟೆ ತಗೊಂಡು ರಾಡು ಸಿಲಿಂಡರ್ ಒಳಗೆ ಹೋಗುವ ಕುತ್ತಿಗೆಯ ಹತ್ತಿರ ಒರೆಸಿ ನೋಡಿ. ಎಣ್ಣೆ ಜಿಡ್ಡು, ಅದಕ್ಕೆ ಅಂಟಿದ ಕಪ್ಪು ಧೂಳು ಬಟ್ಟೆಗೆ ಬಂದರೆ ಸೀಲು ಹೋಗಿದೆ ಅಂತಲೇ ತಿಳಿಯಿರಿ. ಏನೂ ಬರದಿದ್ದರೆ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಎಣ್ಣೆ ಒಳಗೇ ಉಳಿದು ಗ್ಯಾಸು ಮಾತ್ರ ಹೋಗಿರುವುದೂ ಉಂಟು.

ಮನೆಯಲ್ಲಿ ಖಂಡಿತ ಮಾಡಬಹುದು. ಬಾಲ್ (ಕಾರಿಗೆ ಬಿಗಿದ ಉಕ್ಕಿನ ಗುಂಡು) ಮತ್ತು ಕ್ಲಿಪ್ ಇರುವ ಸ್ಟ್ರಟ್ ಆದರೆ ಬೇಕಾಗುವುದು ಒಂದು ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್, ಒಂದು ಕೋಲು, ಒಬ್ಬ ಜೊತೆಗಾರ. ಅರ್ಧ ಗಂಟೆ ಇಟ್ಟುಕೊಂಡರೆ ಧಾರಾಳ ಆಯ್ತು. ನಿಮ್ಮದು ಗುಂಡಿ ಒತ್ತಿದರೆ ತಾನೇ ತೆರೆಯುವ ಬಾಗಿಲಾದರೆ ಮಾತ್ರ ಕೈ ಹಾಕಬೇಡಿ. ಅದರ ಸ್ಟ್ರಟ್ ಒಳಗೆ ಮೋಟಾರು ಇರಬಹುದು, ವೈರು ಇರುತ್ತೆ, ಬದಲಾಯಿಸಿದ ಮೇಲೆ ಕಾರಿನ ಕಂಪ್ಯೂಟರಿಗೆ ಬಾಗಿಲಿನ ಅಳತೆಯನ್ನು ಹೊಸದಾಗಿ ಕಲಿಸಬೇಕಾಗುತ್ತೆ. ಅದು ಬೇರೆಯದೇ ಕೆಲಸ.

ಪ್ರಶ್ನೆ: ಹೊಸ ಜೋಡಿ ತಂದಿದ್ದೇನೆ. ಹಳೆಯದನ್ನು ಬಿಚ್ಚೋಕೆ ಹೋದರೆ ಬರ್ತಾನೇ ಇಲ್ಲ. ಸ್ಕ್ರೂ ಎಲ್ಲೂ ಕಾಣಲ್ಲ. ಸುತ್ತಿಗೆಯಲ್ಲಿ ಹೊಡೆಯಬಹುದಾ? ಹೇಗೆ ಮಾಡಬೇಕು ಅಂತ ಮೊದಲಿಂದ ಹೇಳಿ.

ಉತ್ತರ: ಸುತ್ತಿಗೆ ಪಕ್ಕಕ್ಕಿಡಿ. ಹೊಡೆದರೆ ತಗಡು ಜಗ್ಗುತ್ತೆ, ಬಾಲ್ ಬಾಗುತ್ತೆ, ಪಕ್ಕದಲ್ಲೇ ಇರುವ ಗಾಜಿಗೂ ಪೆಟ್ಟು ಬೀಳಬಹುದು.

ಮೊದಲಿಂದ ಹೇಳ್ತೀನಿ. ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಜೋರು ಗಾಳಿ ಇದ್ದ ದಿನ ಬೇಡ. ಬಾಗಿಲನ್ನು ಪೂರ್ತಿ ಎತ್ತಿ. ಈಗ ಕೋಲು. ನಾನು ತರಗತಿಯಲ್ಲಿ ಹುಡುಗರಿಗೆ ಈ ಕೆಲಸ ಕಲಿಸುವಾಗ ಕೋಲು ಆನಿಸುವವರೆಗೆ ಸ್ಕ್ರೂಡ್ರೈವರ್ ಕೈಗೆ ಕೊಡುತ್ತಿರಲಿಲ್ಲ. ನನ್ನ ಕೋಲಿನ ಎರಡೂ ತುದಿಗೆ ಹಳೆ ಸೈಕಲ್ ಟ್ಯೂಬ್ ಸುತ್ತಿದ್ದೇನೆ, ಜಾರಲ್ಲ, ಬಣ್ಣಕ್ಕೆ ಗೀರೂ ಆಗಲ್ಲ. ಕೆಳತುದಿ ಡಿಕ್ಕಿಯ ಗಟ್ಟಿ ನೆಲದ ಮೇಲೆ ಇರಲಿ. ಮೇಲ್ತುದಿ ಲಾಕಿನ ಹತ್ತಿರದ ದಪ್ಪ ಭಾಗಕ್ಕೆ ತಾಗಲಿ. ಗಾಜಿಗಾಗಲಿ, ಪ್ಲಾಸ್ಟಿಕ್ ಹೊದಿಕೆಗಾಗಲಿ ಆನಿಸಬೇಡಿ. ಕೋಲು ಸ್ವಲ್ಪ ಉದ್ದವೇ ಇರಲಿ, ಬಾಗಿಲನ್ನು ಒಂದು ಕೂದಲೆಳೆ ಮೇಲಕ್ಕೆ ದೂಡುವಷ್ಟು. ಏಕೆ ಅಂತ ಮುಂದೆ ಗೊತ್ತಾಗುತ್ತೆ. ಕೋಲು ಇದ್ದರೂ ಒಬ್ಬರು ಬಾಗಿಲಿಗೆ ಕೈ ಕೊಟ್ಟು ನಿಂತಿರಲಿ.

ಬಿಚ್ಚುವ ಮುಂಚೆ ಎರಡೂ ಕಡೆ ಫೋಟೋ ತೆಗೆದಿಟ್ಟುಕೊಳ್ಳಿ. ಸಿಲಿಂಡರ್ ಯಾವ ಕಡೆಗಿದೆ, ರಾಡು ಯಾವ ಕಡೆಗಿದೆ, ವಾಷರ್ ಇದೆಯಾ ಅಂತ ಆಮೇಲೆ ನೆನಪಿರಲ್ಲ.

ಈಗ ನಿಮ್ಮ ಸಮಸ್ಯೆ. ಸ್ಟ್ರಟ್‌ನ ತುದಿಯಲ್ಲಿ ಒಂದು ಸಣ್ಣ ಬಟ್ಟಲಿನಂಥ ಭಾಗ ಇದೆ. ಅದು ಕಾರಿಗೆ ಬಿಗಿದ ಉಕ್ಕಿನ ಗುಂಡಿನ ಮೇಲೆ ಕೂತಿರುತ್ತೆ. ಆ ಗುಂಡನ್ನೇ ಬಾಲ್ ಅನ್ನುವುದು. ಬಟ್ಟಲು ಬಾಲ್ ಬಿಟ್ಟು ಬರದ ಹಾಗೆ ಅದರ ಬೆನ್ನಿಗೆ ಒಂದು ಸ್ಪ್ರಿಂಗ್ ಕ್ಲಿಪ್ ಇರುತ್ತೆ. ಹತ್ತಿರದಿಂದ ನೋಡಿ, ಬೆರಳಿನಿಂದ ಸವರಿ. ಕೊಳೆ ತುಂಬಿದ್ದರೆ ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ. ಕ್ಲಿಪ್ಪಿನ ಅಂಚು ಬಟ್ಟಲಿನಿಂದ ತುಸು ಎದ್ದಿರುವ ಕಡೆ ಒಂದು ಸಣ್ಣ ಸಂದು ಸಿಗುತ್ತೆ. ಸ್ಕ್ರೂಡ್ರೈವರ್ ತುದಿಯನ್ನು ಅಲ್ಲಿ ತೂರಿಸಿ 3-4 ಮಿ.ಮೀ. ಮಾತ್ರ ಎತ್ತಿ. ಅಷ್ಟೇ ಸಾಕು. ಪೂರ್ತಿ ಕಿತ್ತರೆ ಕ್ಲಿಪ್ ಚಿಮ್ಮಿ ಎಲ್ಲೋ ಹೋಗುತ್ತೆ, ಕಣ್ಣಿಗೂ ಬೀಳಬಹುದು. ಕನ್ನಡಕ ಹಾಕಿಕೊಂಡೇ ಈ ಕೆಲಸ ಮಾಡಿ. ಕ್ಲಿಪ್ ಎತ್ತಿ ಹಿಡಿದಿರುವಾಗಲೇ ಇನ್ನೊಂದು ಕೈಯಲ್ಲಿ ಸ್ಟ್ರಟ್‌ನ ತುದಿಯನ್ನು ಬಾಲಿನಿಂದ ನೇರ ಹೊರಕ್ಕೆ ಎಳೆಯಿರಿ. ಟಪ್ ಅಂತ ಬರುತ್ತೆ. ಓರೆಯಾಗಿ ತಿರುಚಿದರೆ ಬರಲ್ಲ. ನೀವು ಹಾಗೆ ತಿರುಚುತ್ತಿದ್ದೀರಿ ಅಂತ ನನ್ನ ಅಂದಾಜು.

ಕೆಲವು ಕಾರಿನಲ್ಲಿ ಕ್ಲಿಪ್ ಬೇರೆ ಥರ. ಬಟ್ಟಲಿನ ಕುತ್ತಿಗೆಯಲ್ಲಿ ಅಡ್ಡ ತೂರಿಸಿದ ತೆಳು ತಂತಿ ಇರುತ್ತೆ, ಅದನ್ನು ಪೂರ್ತಿ ಹೊರಕ್ಕೆ ಎಳೆಯಬೇಕು. ಇನ್ನು ಕೆಲವದರಲ್ಲಿ ಬಾಲೇ ಇಲ್ಲ, ತೂತಿರುವ ತುದಿಗೆ ಬೋಲ್ಟ್ ಹಾಕಿರುತ್ತಾರೆ. ಅಲ್ಲಿ ಸ್ಪ್ಯಾನರ್ ಬೇಕು. ಬೋಲ್ಟ್ ಗಾಜನ್ನೇ ತೂರಿ ಹೋಗುವ ಮಾದರಿಯೂ ಇದೆ. ಅದನ್ನು ಬಿಗಿ ಮಾಡುವಾಗ ಕೈ ತುಂಬಾ ಹಗುರ ಇರಬೇಕು. ರಬ್ಬರ್ ವಾಷರ್‌ಗಳು ಇದ್ದಲ್ಲೇ ವಾಪಸ್ ಬರಬೇಕು.

ಒಂದು ಕಡೆಯದನ್ನು ಬಿಚ್ಚಿ, ಅಲ್ಲಿಗೆ ಹೊಸದು ಹಾಕಿ, ಆಮೇಲೆ ಇನ್ನೊಂದು ಕಡೆಗೆ ಹೋಗಿ. ಎರಡನ್ನೂ ಒಟ್ಟಿಗೆ ಬಿಚ್ಚಿ ಕೂರಬೇಡಿ. ಬಾಲ್ ಬರಿದಾದಾಗ ಅದನ್ನು ಒರೆಸಿ ನೋಡಿ. ಒಂದು ಕಡೆ ಚಪ್ಪಟೆಯಾಗಿ ಸವೆದಿದೆಯಾ? ಬುಡದಲ್ಲಿ ಅಲುಗಾಡುತ್ತಾ? ಸುತ್ತಲ ತಗಡಿನಲ್ಲಿ ಬಿರುಕು, ತುಕ್ಕು ಇದೆಯಾ? ಅಲುಗಾಡುವ ಬಾಲನ್ನು ಬಿಗಿ ಮಾಡಿ. ಸವೆದಿದ್ದರೆ ಬಾಲನ್ನೂ ಬದಲಾಯಿಸಿ, ಬಹಳ ಮಾದರಿಗಳಲ್ಲಿ ಅದು ಬೇರೆಯಾಗಿ ಸಿಗುತ್ತೆ. ತಗಡೇ ಬಿರುಕು ಬಿಟ್ಟಿದ್ದರೆ ಹೊಸ ಸ್ಟ್ರಟ್ ಹಾಕಬೇಡಿ. ಅದರ ಬಲಕ್ಕೆ ಬಿರುಕು ಇನ್ನೂ ದೊಡ್ಡದಾಗುತ್ತೆ. ಮೊದಲು ತಗಡಿನ ಕೆಲಸ ಆಗಲಿ. ಎಲ್ಲ ಸರಿ ಇದ್ದರೆ ಬಾಲಿಗೆ ಒಂದು ಚೂರು ಗ್ರೀಸ್ ಸವರಿ. ಬಾಲಿಗೆ ಮಾತ್ರ, ರಾಡಿಗೆ ಅಲ್ಲ.

ಹೊಸ ಸ್ಟ್ರಟ್‌ನ ರಾಡು ಪೂರ್ತಿ ಹೊರಗೇ ಇರುತ್ತೆ. ಕೈಯಲ್ಲಿ ಒತ್ತಿ ಗಿಡ್ಡ ಮಾಡೋಕೆ ಹೋಗಬೇಡಿ. 50 ಕೆಜಿ ಬಲ ಅಂದೆನಲ್ಲ, ಅದು ಬಗ್ಗಲ್ಲ, ಜಾರಿದರೆ ಮುಖಕ್ಕೆ ಬರುತ್ತೆ. ಬಾಗಿಲನ್ನೇ ಸ್ಟ್ರಟ್‌ನ ಅಳತೆಗೆ ತರಬೇಕು. ಮೊದಲು ಬಾಗಿಲ ಕಡೆಯ ಬಾಲಿಗೆ ಒಂದು ತುದಿ ಕೂರಿಸಿ, ಅಂಗೈಯಲ್ಲಿ ಒತ್ತಿ, ಟಕ್ ಅನ್ನಬೇಕು. ಆಮೇಲೆ ಜೊತೆಗಾರ ಬಾಗಿಲನ್ನು ತುಸು ಮೇಲಕ್ಕೆ ಒತ್ತಲಿ. ಕೋಲು ಉದ್ದ ಇರಲಿ ಅಂದಿದ್ದು ಇದಕ್ಕೇ. ಕೆಳಗಿನ ಬಾಲಿಗೂ ಬಟ್ಟಲಿಗೂ ಇರುವ ಎರಡು ಮೂರು ಮಿ.ಮೀ. ವ್ಯತ್ಯಾಸ ಅಲ್ಲಿಗೆ ಸರಿಹೋಗುತ್ತೆ. ಮತ್ತೆ ಟಕ್. ಕೂತ ಮೇಲೆ ಪ್ರತಿ ತುದಿಯನ್ನೂ ಗಟ್ಟಿಯಾಗಿ ಹೊರಕ್ಕೆ ಎಳೆದು ನೋಡಿ, ಬರಬಾರದು. ತಂತಿ ಕ್ಲಿಪ್ ಇದ್ದರೆ ಅದನ್ನು ಮರೆಯದೆ ತೂರಿಸಿ.

ರಾಡು ಮೇಲಾ, ಕೆಳಗಾ ಅಂತ ಬಹಳ ಜನ ತಬ್ಬಿಬ್ಬಾಗುತ್ತಾರೆ. ನಿಯಮ ಹೀಗಿದೆ: ಬಾಗಿಲು ಮುಚ್ಚಿದ್ದಾಗ ರಾಡು ಕೆಳಮುಖ ಇರಬೇಕು. ಕಾರು ದಿನದ ಬಹುಪಾಲು ಬಾಗಿಲು ಮುಚ್ಚಿಕೊಂಡೇ ನಿಂತಿರುತ್ತೆ. ಆಗ ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತು ಸೀಲನ್ನು ಒದ್ದೆಯಾಗಿ ಇಡುತ್ತೆ. ಬಾಗಿಲು ತೆರೆದಾಗ ಸ್ಟ್ರಟ್ ತಿರುಗುವ ಕಾರುಗಳಿವೆ, ಅವುಗಳಲ್ಲಿ ತೆರೆದ ಬಾಗಿಲಿಗೆ ರಾಡು ಮೇಲಕ್ಕಿರುವ ಹಾಗೆ ಕಾಣಬಹುದು. ಹಾಗಾಗಿ ತೆರೆದ ಬಾಗಿಲು ನೋಡಿ ತೀರ್ಮಾನ ಮಾಡಬೇಡಿ. ಫೋಟೋ ನೋಡಿ, ಹಳೆಯದು ಹೇಗಿತ್ತೋ ಹಾಗೇ ಹಾಕಿ. ಹೊಸದರ ಜೊತೆ ಬಂದ ಚೀಟಿಯಲ್ಲಿ ಬೇರೆ ಹೇಳಿದ್ದರೆ ಚೀಟಿಯ ಮಾತೇ ಕೇಳಿ.

ಎರಡೂ ಕಡೆ ಆಯಿತು ಅಂತ ಬಾಗಿಲನ್ನು ಧಡಾರ್ ಅಂತ ಹಾಕಬೇಡಿ. ಇದು ನಾನು ಕೈ ಹಿಡಿದು ಹೇಳುವ ಮಾತು. ಕೋಲು ತೆಗೆದು, ಮೊದಲ ಸಲ ಬಾಗಿಲನ್ನು ತುಂಬಾ ಮೆಲ್ಲಗೆ ಇಳಿಸಿ. ಒಂದು ಕಣ್ಣು ಸ್ಟ್ರಟ್ ಮೇಲೆ ಇರಲಿ. ತಗಡಿಗೆ ತಾಗುತ್ತಾ, ವೈರು ಸಿಕ್ಕಿಕೊಳ್ಳುತ್ತಾ, ರಬ್ಬರ್ ಬೀಡಿಂಗ್ ಮಡಚುತ್ತಾ ನೋಡಿ. ಕೊನೆಯ ಒಂದು ಗೇಣು ಇರುವಾಗ ಎಲ್ಲೋ ತಡೆದು ನಿಂತ ಹಾಗೆ ಅನ್ನಿಸಿದರೆ ಅಲ್ಲೇ ನಿಲ್ಲಿಸಿ, ಬಲ ಹಾಕಬೇಡಿ. ಸ್ಟ್ರಟ್ ಉದ್ದ ಜಾಸ್ತಿ ಇರಬಹುದು, ಪೂರ್ತಿ ಒಳಗೆ ಹೋಗಿ ಇನ್ನು ಜಾಗವಿಲ್ಲದೆ ನಿಂತಿರಬಹುದು. ಆಗ ಜಪ್ಪಿದರೆ ಹಿಂಜ್ ಬಾಗುತ್ತೆ, ಗಾಜು ಒಡೆಯಲೂಬಹುದು. ಅಡೆತಡೆ ಇಲ್ಲದೆ ಮುಚ್ಚಿದರೆ, ತೆರೆದು ಮುಚ್ಚಿ ಮತ್ತೊಮ್ಮೆ ನೋಡಿ. ಲಾಕು ಸರಿಯಾಗಿ ಕೂರಬೇಕು, ಎರಡೂ ಬದಿಯ ಸಂದು ಒಂದೇ ಅಗಲ ಇರಬೇಕು.

ಪ್ರಶ್ನೆ: ಎಡಗಡೆಯದು ಮಾತ್ರ ಹೋಗಿದೆ, ಬಲಗಡೆಯದು ಗಟ್ಟಿ ಇದೆ. ಒಂದನ್ನೇ ಬದಲಾಯಿಸಿದರೆ ಸಾಲದಾ?

ಉತ್ತರ: ಸಾಲದು. ಎರಡೂ ಒಂದೇ ದಿನ ಕಾರಿಗೆ ಬಂದವು, ಅಷ್ಟೇ ಸಲ ತೆರೆದು ಮುಚ್ಚಿದವು. ಬಲಗಡೆಯದು ಗಟ್ಟಿ ಇದೆ ಅಂತ ನಿಮಗೆ ಅನ್ನಿಸುತ್ತಿರುವುದು ಎಡಗಡೆಯದಕ್ಕೆ ಹೋಲಿಸಿ ನೋಡಿ. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಇದ್ದರೆ ಬಾಗಿಲು ಒಂದು ಮೂಲೆಯಿಂದ ಎತ್ತಿಸಿಕೊಳ್ಳುತ್ತೆ. ಪ್ರತಿ ಸಲ ತುಸು ತಿರುಚುತ್ತೆ. ಕಾಲಕ್ರಮೇಣ ಹಿಂಜ್‌ಗೆ, ಲಾಕಿಗೆ, ಗಾಜಿನ ಅಂಚಿಗೆ ಪೆಟ್ಟು. ಜೋಡಿಯಾಗೇ ಬದಲಾಯಿಸಿ, ಒಂದೇ ಕಂಪನಿಯದ್ದು, ಒಂದೇ ಬಲದ್ದು. ಒಂದು ಮಾತು ಗಮನದಲ್ಲಿರಲಿ: ಕೆಲವು ಮಾದರಿಯಲ್ಲಿ ತಯಾರಕರೇ ಎಡಕ್ಕೂ ಬಲಕ್ಕೂ ಬೇರೆ ಬೇರೆ ಸ್ಟ್ರಟ್ ಕೊಟ್ಟಿರುತ್ತಾರೆ. ಎರಡರ ನಂಬರನ್ನೂ ಓದಿಯೇ ತನ್ನಿ.

ಪ್ರಶ್ನೆ: ಹಳೆ ಸ್ಟ್ರಟ್ ಮೇಲಿನ ಬರಹ ಪೂರ್ತಿ ಅಳಿಸಿಹೋಗಿದೆ. ನನ್ನ ಕಾರು ನಿಂತುಹೋದ ಮಾದರಿ. ಯಾವ ಬಲದ್ದು ತರಬೇಕು ಅಂತ ಹೇಗೆ ಗೊತ್ತಾಗುತ್ತೆ? ಸುಮ್ನೆ ಉದ್ದ ಹೊಂದುವುದನ್ನು ಹಾಕಿದರೆ ನಡೆಯುತ್ತಾ?

ಉತ್ತರ: ಉದ್ದ ಮಾತ್ರ ನೋಡಿ ತಂದರೆ ನಡೆಯಲ್ಲ. ಒಂದೇ ಉದ್ದದ ಸ್ಟ್ರಟ್ 300 ನ್ಯೂಟನ್‌ದೂ ಸಿಗುತ್ತೆ, 600ರದೂ ಸಿಗುತ್ತೆ.

ಮೊದಲು ಬರಹವನ್ನು ಇನ್ನೊಮ್ಮೆ ಹುಡುಕಿ. ಸಿಲಿಂಡರ್ ಮೇಲೆ ಚೀಟಿ ಅಂಟಿಸಿರುತ್ತಾರೆ ಅಥವಾ ನೇರ ಅಚ್ಚು ಹಾಕಿರುತ್ತಾರೆ. ಬಾಗಿಲ ಕಡೆಗೆ ತಿರುಗಿದ ಬದಿಯಲ್ಲಿ ಬಿಸಿಲು ಬಿದ್ದಿರಲ್ಲ, ಅಲ್ಲಿ ಅರ್ಧಂಬರ್ಧ ಉಳಿದಿರಬಹುದು. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಒಂದು ಅಂಕಿಯ ಮುಂದೆ ‘ಎನ್’ ಅಕ್ಷರ ಕಂಡರೆ ಅದೇ ನ್ಯೂಟನ್ ಲೆಕ್ಕದ ಬಲ. ಅದರ ಹತ್ತಿರವೇ ಬಿಡಿಭಾಗದ ನಂಬರೂ ಇರುತ್ತೆ.

ಸಿಗದಿದ್ದರೆ ಕಾರಿನ ಚಾಸಿ ನಂಬರಿನಿಂದ ತಯಾರಕರ ಬಿಡಿಭಾಗಗಳ ಪಟ್ಟಿಯಲ್ಲಿ ಹುಡುಕಿಸಿ. ಮಾದರಿ ಹೆಸರು, ವರ್ಷ ಹೇಳಿದರೆ ಮಾತ್ರ ಸಾಕಾಗಲ್ಲ. ಒಂದೇ ವರ್ಷದ ಒಂದೇ ಕಾರಿನಲ್ಲಿ ಹಿಂದೆ ಸ್ಪಾಯ್ಲರ್, ವೈಪರ್ ಇರುವುದಕ್ಕೆ ಬೇರೆ, ಇಲ್ಲದ್ದಕ್ಕೆ ಬೇರೆ ಸ್ಟ್ರಟ್ ಇರಬಹುದು. ಸ್ಪಾಯ್ಲರ್ ತೂಕ ಕಡಿಮೆ ಅನ್ನಿಸಿದರೂ ಅದು ಹಿಂಜ್‌ನಿಂದ ದೂರ ಇದ್ದರೆ ಭಾರ ಜಾಸ್ತಿ ತೋರಿಸುತ್ತೆ.

ಅದೂ ಸಿಗದಿದ್ದರೆ ಅಳೆಯಬೇಕು. ರಾಡು ಪೂರ್ತಿ ಹೊರಗಿರುವಾಗ ಒಂದು ಬಟ್ಟಲಿನ ಮಧ್ಯದಿಂದ ಇನ್ನೊಂದರ ಮಧ್ಯದವರೆಗಿನ ಉದ್ದ. ರಾಡಿನ ಹೊಳೆಯುವ ಭಾಗದ ಉದ್ದ, ಅಂದರೆ ಅದು ಎಷ್ಟು ಒಳಗೆ ಹೋಗುತ್ತೆ ಅನ್ನುವುದು. ರಾಡಿನ ದಪ್ಪ, ಸಿಲಿಂಡರಿನ ದಪ್ಪ, ಬಾಲಿನ ದಪ್ಪ. ಬಾಲು 10 ಮಿ.ಮೀ.ದು ಸಾಮಾನ್ಯ, 13ರದೂ ಇದೆ. ಹತ್ತರ ಬಾಲಿಗೆ ಹದಿಮೂರರ ಬಟ್ಟಲು ಹಾಕಿದರೆ ಹಿಡಿದು ನಿಲ್ಲಲ್ಲ. 

ಉಳಿದದ್ದು ಬಲ. ಹಳೆ ಸ್ಟ್ರಟ್‌ನ ಬಲ ಅಳೆದು ಪ್ರಯೋಜನವಿಲ್ಲ, ಗ್ಯಾಸು ಹೋಗಿದೆ. ಬಾಗಿಲಿನ ಭಾರವನ್ನೇ ಅಳೆಯಬೇಕು. ಪ್ರಯಾಣದ ಚೀಲ ತೂಗುವ ಕೊಕ್ಕೆಯ ತಕ್ಕಡಿ ಇದೆಯಲ್ಲ, ಅದು ಸಾಕು. ಇಬ್ಬರು ಬೇಕೇ ಬೇಕು. ಬಾಗಿಲನ್ನು ಕೋಲಿಗೆ ಆನಿಸಿ, ಎರಡೂ ಸ್ಟ್ರಟ್ ಬಿಡಿಸಿ. ಒಂದೊಂದಾಗಿ ಬಿಚ್ಚಿ ಅಂತ ಮೇಲೆ ಹೇಳಿದ್ದಕ್ಕೆ ಇದೊಂದೇ ಹೊರತು, ಹಾಗಾಗಿ ಇಲ್ಲಿ ಎಚ್ಚರ ಇಮ್ಮಡಿ ಇರಲಿ. ಇಬ್ಬರೂ ಹಿಡಿದು ಬಾಗಿಲನ್ನು ನೆಲಕ್ಕೆ ಸಮಾನಾಂತರ ಬರುವಷ್ಟು ಇಳಿಸಿ. ಒಬ್ಬರು ಸ್ಟೂಲಿನ ಮೇಲೆ ನಿಂತು ಬಾಗಿಲಿನ ತುದಿಗೆ ಕೊಕ್ಕೆ ಹಾಕಿ ನೇರ ಮೇಲಕ್ಕೆ ಎಳೆದು ಹಿಡಿಯಲಿ. ಇನ್ನೊಬ್ಬರು ಕೈ ಕೆಳಗೇ ಇಟ್ಟುಕೊಂಡು, ಭಾರ ಹೊರದೆ, ಅಂಕಿ ಓದಲಿ.

ಒಂದು ಉದಾಹರಣೆ ಹಾಕಿ ತೋರಿಸ್ತೀನಿ. ತಕ್ಕಡಿ 11 ಕೆಜಿ ತೋರಿಸಿತು, ಹಿಂಜ್‌ನಿಂದ ಕೊಕ್ಕೆಗೆ 100 ಸೆಂ.ಮೀ. ಅಂದುಕೊಳ್ಳಿ. ಈಗ ಕಾರಿನ ಬಾಲಿನಿಂದ ಬಾಗಿಲಿನ ಬಾಲಿಗೆ ಒಂದು ದಾರ ಬಿಗಿಯಾಗಿ ಕಟ್ಟಿ. ಸ್ಟ್ರಟ್ ಇರುತ್ತಿದ್ದ ಗೆರೆ ಅದು. ಹಿಂಜ್‌ನ ಮಧ್ಯದಿಂದ ಆ ದಾರಕ್ಕೆ ನೇರ ಅಡ್ಡ ದೂರ ಎಷ್ಟು? 12 ಸೆಂ.ಮೀ. ಬಂತು ಅನ್ನಿ. 11ನ್ನು 100ರಿಂದ ಗುಣಿಸಿ 12ರಿಂದ ಭಾಗಿಸಿದರೆ ಸುಮಾರು 92 ಕೆಜಿ. ಎರಡು ಸ್ಟ್ರಟ್ ಹಂಚಿಕೊಂಡರೆ ತಲಾ 46. ಒಂದು ಕೆಜಿಗೆ 9.8 ನ್ಯೂಟನ್ ಲೆಕ್ಕದಲ್ಲಿ 450. ಚಳಿಗೆ, ಸವೆತಕ್ಕೆ ಅಂತ ನೂರಕ್ಕೆ ಹತ್ತರಷ್ಟು ಮೇಲೆ ಸೇರಿಸಿ. 500 ನ್ಯೂಟನ್‌ದು ತರಬಹುದು. ಹನ್ನೊಂದು ಕೆಜಿ ಎತ್ತಲು 92 ಕೆಜಿ ಬಲ ಏಕೆ ಅಂತ ಅಚ್ಚರಿ ಆಗಬಹುದು. ಸ್ಟ್ರಟ್ ಹಿಂಜ್‌ಗೆ ಅಷ್ಟು ಹತ್ತಿರದಲ್ಲಿ ನಿಂತು ಎತ್ತುತ್ತೆ, ಅದಕ್ಕೇ. ಇದು ಅಂದಾಜು ಅನ್ನುವುದು ನೆನಪಿರಲಿ. ತಯಾರಕರ ಅಂಕಿ ಸಿಕ್ಕರೆ ಈ ಲೆಕ್ಕವನ್ನು ಬಿಟ್ಟು ಅದನ್ನೇ ನಂಬಿ.

ಪ್ರಶ್ನೆ: ಹೇಗೂ ಬದಲಾಯಿಸುತ್ತಿದ್ದೇನೆ, ಸ್ವಲ್ಪ ಹೆಚ್ಚು ಬಲದ್ದೇ ಹಾಕಿದರೆ ಬಾಳಿಕೆ ಜಾಸ್ತಿ ಅಲ್ವಾ?

ಉತ್ತರ: ಅಲ್ಲ. ಬೇಕಾದ್ದಕ್ಕಿಂತ ಬಹಳ ಜಾಸ್ತಿ ಬಲದ ಸ್ಟ್ರಟ್ ಮುಚ್ಚಿದ ಬಾಗಿಲನ್ನು ಹಗಲೂ ರಾತ್ರಿ ಒಳಗಿನಿಂದ ಒತ್ತುತ್ತಾ ಇರುತ್ತೆ. ರಾಡು ಒಳಗೆ ಹೋದಷ್ಟೂ ಗ್ಯಾಸಿಗೆ ಜಾಗ ಕಡಿಮೆ, ಹಾಗಾಗಿ ಮುಚ್ಚಿದಾಗ ಅದರ ಬಲ ಚೀಟಿಯಲ್ಲಿ ಬರೆದದ್ದಕ್ಕಿಂತಲೂ ಹೆಚ್ಚಿರುತ್ತೆ. ಹಳೆ ಕಾರಿನ ತೆಳು ತಗಡು ಇದನ್ನು ತಡೆಯಲ್ಲ. ಹಿಂಜ್ ಇರುವ ಕಡೆ ಚಾವಣಿಯ ಅಂಚು ಉಬ್ಬಬಹುದು, ಬಾಲ್ ಬಿಗಿದ ಜಾಗ ಸೀಳಬಹುದು. ಲಾಕು ಬಿಟ್ಟ ಕೂಡಲೇ ಬಾಗಿಲು ಚಿಮ್ಮಿ ಮೇಲೇರಿ, ಬಗ್ಗಿ ನಿಂತವರ ಗಲ್ಲಕ್ಕೆ ಬಡಿಯಬಹುದು. ಇನ್ನೊಂದು ಕಷ್ಟ, ಮುಚ್ಚೋಕೆ ಬಹಳ ಬಲ ಬೇಕು. ಮನೆಯಲ್ಲಿ ವಯಸ್ಸಾದವರಿಗೆ ಆಗಲ್ಲ. ಬಾಗಿಲಿಗೆ ಸೈಕಲ್ ಕ್ಯಾರಿಯರ್‌ನಂಥ ಭಾರವನ್ನು ಕಾಯಂ ಕೂರಿಸಿದ್ದರೆ ಮಾತ್ರ ಲೆಕ್ಕ ಬೇರೆ. ಆಗಲೂ ಅಂದಾಜಿಗೆ ಹೋಗದೆ ಮೇಲೆ ಹೇಳಿದ ಹಾಗೆ ತೂಗಿ ನೋಡಿ.

ಪ್ರಶ್ನೆ: ಸಣ್ಣ ತೂತು ಕೊರೆದು, ವಾಲ್ವ್ ಕೂರಿಸಿ, ಮತ್ತೆ ಗ್ಯಾಸ್ ತುಂಬಿಸಬಹುದು ಅಂತ ಗೆಳೆಯ ಹೇಳ್ತಾನೆ. ಮಾಡಲಾ?

ಉತ್ತರ: ಬೇಡ. ದಯವಿಟ್ಟು ಬೇಡ. ವೀಕ್ ಆದ ಸ್ಟ್ರಟ್ ಅಂದರೆ ಖಾಲಿ ಆದ ಸ್ಟ್ರಟ್ ಅಲ್ಲ. 500ರದು 400ಕ್ಕೆ ಇಳಿದರೂ ಬಾಗಿಲು ನಿಲ್ಲಲ್ಲ, ಆದರೆ ಒಳಗೆ ಇನ್ನೂ 80 ಬಾರ್ ಇರುತ್ತೆ. ಕಾರಿನ ಟೈರಿನಲ್ಲಿ ಇರುವುದು ಎರಡು ಚಿಲ್ಲರೆ ಬಾರ್. ಡ್ರಿಲ್ ಒಳಗೆ ಇಳಿದ ಕ್ಷಣ ಲೋಹದ ಚೂರು, ಎಣ್ಣೆ ಎಲ್ಲ ಗುಂಡಿನ ಹಾಗೆ ಹೊರಗೆ ಬರುತ್ತೆ. ಗ್ಯಾಸಿನ ಬದಲು ಗಾಳಿ ತುಂಬಿಸುವುದು ಇನ್ನೂ ಕೆಟ್ಟದ್ದು. ಗಾಳಿಯಲ್ಲಿ ಆಕ್ಸಿಜನ್ ಇದೆ, ತೇವ ಇದೆ. ಅಷ್ಟು ಒತ್ತಡದಲ್ಲಿ ಎಣ್ಣೆಯೂ ಆಕ್ಸಿಜನ್ನೂ ಸೇರಿದರೆ ಹೊತ್ತಿಕೊಳ್ಳಬಹುದು. ನೈಟ್ರೋಜನ್ ಹಾಕುವುದೇ ಈ ಕಾರಣಕ್ಕೆ. ಅದು ಉರಿಯಲ್ಲ, ತುಕ್ಕೂ ಹಿಡಿಸಲ್ಲ. ಮನೆಯ ಸಲಕರಣೆಯಲ್ಲಿ ಹಳೆಯ ಸೀಲಿಗೆ ಹೊಸ ಬಾಳು ಕೊಡೋಕೂ ಆಗಲ್ಲ, ತುಂಬಿಸಿದ್ದು ಮತ್ತೆ ಅದೇ ದಾರಿಯಲ್ಲಿ ಹೋಗುತ್ತೆ. ನಿಮ್ಮ ಗೆಳೆಯನಿಗೂ ಈ ಪುಟ ಓದಿಸಿ.

ಪ್ರಶ್ನೆ: ಹೊಸದು ಬರೋಕೆ ಇನ್ನೂ ಹದಿನೈದು ದಿನ ಆಗುತ್ತೆ ಅಂದಿದ್ದಾರೆ. ಅಲ್ಲಿಯವರೆಗೆ ರಾಡಿಗೆ ಇಕ್ಕಳ ಕಚ್ಚಿಸಿ ಬಾಗಿಲು ನಿಲ್ಲಿಸಿಕೊಳ್ಳುತ್ತಿದ್ದೇನೆ. ತೊಂದರೆ ಇಲ್ಲವಲ್ಲ?

ಉತ್ತರ: ಹಳೆ ರಾಡು ಹೇಗೂ ಹೋಗುವುದು, ಅದರ ಚಿಂತೆ ನನಗಿಲ್ಲ. ಆದರೆ ಎಣ್ಣೆ ಜಿಡ್ಡಿನ ನುಣುಪು ರಾಡಿನ ಮೇಲೆ ಇಕ್ಕಳ ಜಾರುತ್ತೆ. ನೀವು ಕೆಳಗಿರುವಾಗಲೇ ಜಾರಬಹುದು. ಇದಕ್ಕಿಂತ ಮರದ ಕೋಲೇ ವಾಸಿ. ಇನ್ನೊಂದು ದಾರಿ, ರಾಡಿಗಿಂತ ತುಸು ದಪ್ಪದ, ಗೋಡೆ ಗಟ್ಟಿ ಇರುವ ಪಿವಿಸಿ ಪೈಪನ್ನು ರಾಡಿನ ಹೊರಗಿರುವ ಭಾಗದ ಅಳತೆಗೆ ಕೊಯ್ದು, ಉದ್ದಕ್ಕೆ ಸೀಳಿ. ಬಾಗಿಲು ಪೂರ್ತಿ ಎತ್ತಿದ ಮೇಲೆ ರಾಡಿನ ಸುತ್ತ ತೊಡಿಸಿದರೆ ಸಿಲಿಂಡರ್ ಕೆಳಗಿಳಿಯದ ಹಾಗೆ ತಡೆಯುತ್ತೆ. ಪೈಪು ಸಿಲಿಂಡರಿಗಿಂತ ಸಣ್ಣದಿರಬೇಕು, ಇಲ್ಲದಿದ್ದರೆ ಸಿಲಿಂಡರ್ ಅದರೊಳಗೇ ನುಗ್ಗುತ್ತೆ. ಎರಡೂ ಕಡೆ ತೊಡಿಸಿ. ಮುಚ್ಚುವ ಮುಂಚೆ ತೆಗೆಯೋದು ಮರೆಯಬಾರದು. ಅದಕ್ಕೆ ಕೆಂಪು ಪಟ್ಟಿ ಕಟ್ಟಿ, ಕಣ್ಣಿಗೆ ಬೀಳಲಿ.

ಪ್ರಶ್ನೆ: ಸ್ಟ್ರಟ್ ಬದಲಾಯಿಸಿದ ಮೇಲೆ ಬಾಗಿಲು ಚೆನ್ನಾಗಿ ನಿಲ್ಲುತ್ತೆ. ಆದರೆ ಹಿಂದಿನ ಗಾಜಿನ ಮಂಜು ತೆಗೆಯುವ ಹೀಟರ್ ಕೆಲಸ ಮಾಡ್ತಾ ಇಲ್ಲ. ಸ್ಟ್ರಟ್‌ಗೂ ಅದಕ್ಕೂ ಏನು ಸಂಬಂಧ?

ಉತ್ತರ: ನಿಮ್ಮ ಕಾರಿನಲ್ಲಿ ಸಂಬಂಧ ಇರಬಹುದು. ಕೆಲವು ಹಳೆ ಹ್ಯಾಚ್‌ಬ್ಯಾಕ್‌ಗಳಲ್ಲಿ ಗಾಜಿನ ಹೀಟರಿಗೆ ಕರೆಂಟು ಹೋಗುತ್ತಿದ್ದುದೇ ಸ್ಟ್ರಟ್ ಮೂಲಕ. ಬಿಚ್ಚಿದ ಹಳೆಯದನ್ನು ತೆಗೆದು ನೋಡಿ. ತುದಿಯಲ್ಲಿ ವೈರ್ ಸಿಕ್ಕಿಸುವ ಚಪ್ಪಟೆ ತಗಡಿನ ನಾಲಿಗೆ ಇದೆಯಾ? ಕಾರಿನ ಕಡೆ ವೈರೊಂದು ಸುಮ್ನೆ ತೂಗಾಡುತ್ತಾ ಇದೆಯಾ? ಇದ್ದರೆ ನಿಮಗೆ ಕರೆಂಟು ಹಾಯಿಸುವ ಮಾದರಿಯ ಸ್ಟ್ರಟ್ಟೇ ಬೇಕು. ತೂಗಾಡುವ ವೈರಿನ ತುದಿ ತಗಡಿಗೆ ತಾಗದ ಹಾಗೆ ಇವತ್ತೇ ಟೇಪು ಸುತ್ತಿ, ಹೀಟರ್ ಸ್ವಿಚ್ ಹಾಕಬೇಡಿ. ಅಂಥ ನಾಲಿಗೆ ಇಲ್ಲದಿದ್ದರೆ ಕೆಲಸದ ಹೊತ್ತಿನಲ್ಲಿ ಹಿಂಜ್ ಹತ್ತಿರದ ವೈರಿನ ಕಟ್ಟು ಎಳೆದುಹೋಗಿರಬಹುದು. ಅಲ್ಲಿನ ರಬ್ಬರ್ ಕೊಳವೆಯನ್ನು ಸರಿಸಿ ನೋಡಿ. ಬಾಗಿಲು ತೆರೆದು ಮುಚ್ಚುವಾಗ ಮಡಚಿ ಮಡಚಿ ವೈರು ತುಂಡಾಗುವ ಜಾಗವೂ ಅದೇ.

ಪ್ರಶ್ನೆ: ಹೊಸ ಸ್ಟ್ರಟ್ ಬಾಳಿಕೆ ಬರಲು ಆಗಾಗ ರಾಡಿಗೆ ಎಣ್ಣೆ ಹಾಕಬೇಕಾ?

ಉತ್ತರ: ಹಾಕಬೇಡಿ. ಎಣ್ಣೆಗೆ ಧೂಳು ಅಂಟುತ್ತೆ, ಧೂಳು ಸೀಲನ್ನು ಉಜ್ಜುತ್ತೆ. ಕಾರು ತೊಳೆದಾಗ ಒಣ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಣ್ಣದ ಕೆಲಸ ಮಾಡಿಸುವಾಗ ರಾಡಿಗೆ ಕಾಗದ ಸುತ್ತಿಸಿ. ಸಾಮಾನು ತುಂಬುವಾಗ ಚೂಪಾದ್ದು ರಾಡಿಗೆ ತಾಗದ ಹಾಗೆ ನೋಡಿಕೊಳ್ಳಿ, ಒಂದು ಗೀರು ಬಿದ್ದರೂ ಸೀಲಿನ ಆಯಸ್ಸು ಕಮ್ಮಿಯಾಗುತ್ತೆ. ಹೊಸ ಸ್ಟ್ರಟ್ ತಂದು ಕೆಲವು ದಿನ ಮನೆಯಲ್ಲೇ ಇಡುವುದಾದರೆ ರಾಡು ಕೆಳಗೆ ಬರುವ ಹಾಗೆ ನಿಲ್ಲಿಸಿಡಿ.

ಪ್ರಶ್ನೆ: ಬಿಚ್ಚಿದ ಹಳೆಯವನ್ನು ಏನು ಮಾಡಲಿ? ಗುಜರಿಗೆ ಹಾಕಬಹುದಾ?

ಉತ್ತರ: ಮನೆಯ ಕಸಕ್ಕಂತೂ ಹಾಕಬೇಡಿ. ಗುಜರಿಗೆ ಕೊಟ್ಟರೂ ‘ಇದರಲ್ಲಿ ಗ್ಯಾಸ್ ಇದೆ’ ಅಂತ ಬಾಯಿಬಿಟ್ಟು ಹೇಳಿಯೇ ಕೊಡಿ. ಅಲ್ಲಿ ಕಟರ್ ಹಿಡಿದು ಕೆಲಸ ಮಾಡುವವರಿಗೆ ಅದು ಬರೀ ಕಬ್ಬಿಣದ ಕೊಳವೆಯ ಹಾಗೆ ಕಾಣುತ್ತೆ. ಬೆಂಕಿಗೆ ಬಿದ್ದರೆ ಸಿಡಿಯುತ್ತೆ. ಒತ್ತಡ ಇಳಿಸಲು ತಯಾರಕರು ಒಂದು ಕ್ರಮ ಕೊಟ್ಟಿರುತ್ತಾರೆ, ಅದನ್ನು ತಿಳಿದ ಗ್ಯಾರೇಜಿಗೆ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು. ಕೊಡುವವರೆಗೆ ಬಿಸಿಲು ಬೀಳದ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮೇಲೆ ಒಂದು ಚೀಟಿ ಅಂಟಿಸಿ: ಒಳಗೆ ಗ್ಯಾಸ್ ಇದೆ, ಕೊಯ್ಯಬೇಡಿ, ಕಾಯಿಸಬೇಡಿ.